ಹೂಂ ಅನ್ನುವ ಗಂಡ

ಹೆಂಡತಿ ತನ್ನ ಕುರ್ಚಿಯನ್ನು ಬಾಗಿಲ ತನಕ ಹಿಂದಕ್ಕೆ ಎಳೆದಾಗ ಗಂಡನ ಬಲಗಾಲು ಬ್ರೇಕ್ ತುಳಿದಂತೆ ನೆಲವನ್ನು ಒತ್ತಿತು. ಬಸ್ ಓಡಿಸುವವನ ಕಾಲು ಅದು. ದಂಪತಿಗಳ ಮನಸ್ತಾಪ ಬಿಡಿಸುವ ಆಪ್ತಸಮಾಲೋಚಕಿಯ ಕೋಣೆಯಲ್ಲಿ ಅದೊಂದು ಪದ್ಧತಿ: ಮಾತಿಗೆ ಮೊದಲು, ಆ ವಾರ ಎಷ್ಟು ಹತ್ತಿರ ಅನ್ನಿಸಿತೋ ಅಷ್ಟು ಹತ್ತಿರ ಕುರ್ಚಿ ಹಾಕಿಕೊಳ್ಳಬೇಕು. ಇಷ್ಟು ದಿನ ಇಬ್ಬರ ಕುರ್ಚಿಗಳೂ ಹತ್ತಿರವಾಗುತ್ತಲೇ ಬಂದಿದ್ದವು.

“ಈ ವಾರ ನಾನು ಒಂದು ಮಾತೂ ಜೋರಾಗಿ ಆಡಿಲ್ಲ ಮೇಡಂ,” ಅವನು ಚಡಪಡಿಸಿದ. “ಇವಳು ಹೇಳಿದ್ದಕ್ಕೆಲ್ಲ ಹೂಂ ಅಂದಿದೀನಿ.”

“ಅದೇ ಮೇಡಂ! ಮನೇಲಿ ಗಂಡ ಇಲ್ಲ, ಯಾರೋ ನೆಂಟರು ಬಂದು ಕೂತ ಹಾಗಿದೆ. ಅಕ್ಕನ ಮನೆಗೆ ಹೋಗಿ ಇದ್ಬಿಡ್ತೀನಿ ಅಂದೆ. ಅದಕ್ಕೂ ಹೂಂ ಅಂದ್ರು.”

ಅವನ ಕಾಲು ಮತ್ತೆ ನೆಲವನ್ನು ಒತ್ತಿತು. ಈ ಸಲ ಮಾತು ಮಾತ್ರ ನಿಲ್ಲಲಿಲ್ಲ. “ಇನ್ನೇನು ಅನ್ಲಿ? ಬೇಡ ಅಂದ್ರೆ ಜಗಳ ಆಗತ್ತೆ, ಜಗಳ ಆದ್ರೆ ನೀನು ವಾಪಸ್ ಬರಲ್ಲ ಅಂತ ಭಯ ಕಣೇ! ಹೋಗಬೇಡ. ನಂಗೆ ಸುತರಾಂ ಇಷ್ಟ ಇಲ್ಲ!”

ಹೆಂಡತಿ ಎದ್ದಳು. ಅವನು ಬಾಗಿಲ ಕಡೆ ನೋಡಿದ. ಅವಳು ಕುರ್ಚಿಯನ್ನು ಎತ್ತಿ ತಂದು, ಅವನಿಗೆ ಕಾಲು ಚಾಚಲೂ ಜಾಗವಿಲ್ಲದಷ್ಟು ಹತ್ತಿರ ಹಾಕಿ ಕೂತಳು.

“ಹೂಂ, ಈಗ ಜಗಳ ಆಡಿ.”