ಟ್ರೆವರ್ ಗುರುಗಳ ಶಿಷ್ಯೆ

"ನೀವೇ ಹಾಕಿ ಮೇಡಂ. ಮಾಡಿದ್ರೇನೇ ಕಲಿಯೋದು," ಎಂದು ಹೇಳಿ ಟ್ರೆವರ್ ಸೀಟಿಗೊರಗಿ ಕಣ್ಣು ಮುಚ್ಚಿದ.

ಹಾಕಬೇಕಾಗಿದ್ದುದು ಐವತ್ಮೂರು ಅಡಿ ಉದ್ದದ ಟ್ರೇಲರನ್ನು. ಅದೂ ಹಿಮ್ಮುಖವಾಗಿ, ಅಮೆರಿಕದ ಟೊಪೀಕಾ ಊರಿನ ದಿನಸಿ ಗೋದಾಮಿನ ನಲವತ್ತೆರಡನೇ ಬಾಗಿಲಿಗೆ. ಎಡಕ್ಕೊಂದು ಲಾರಿ, ಬಲಕ್ಕೊಂದು ಲಾರಿ. ನಡುವಿನ ಸಂದಿಯನ್ನು ಲೊರೆಟಾ ಪ್ರೂಯಿಟ್ ಕನ್ನಡಿಯಲ್ಲಿ ಎರಡೆರಡು ಸಲ ನೋಡಿದಳು. ಲೈಸೆನ್ಸ್ ಕೈಗೆ ಬಂದು ಐದು ವಾರವಾಗಿತ್ತಷ್ಟೆ. ಒಂದು ಗೀರು ಬಿದ್ದರೂ ಸ್ಟೀರಿಂಗ್ ಹಿಡಿದವರ ಹೆಸರಿಗೆ 'ಅಪಘಾತ' ಎಂದು ಬರೆದುಬಿಡುತ್ತಾರೆ. ಆಮೇಲೆ ಹೊಸಬರನ್ನು ಯಾವ ಕಂಪನಿಯೂ ಹತ್ತಿರ ಸೇರಿಸುವುದಿಲ್ಲ. ಇಪ್ಪತ್ತೊಂದು ವರ್ಷ ಅವಳು ಅಡುಗೆ ಮಾಡಿದ ಶಾಲೆ ಮುಚ್ಚಿಹೋಗಿತ್ತು. ಐವತ್ತರ ಹೊಸ್ತಿಲಲ್ಲಿ ಮತ್ತೊಂದು ಕಸುಬು ಕಲಿಯುವ ತ್ರಾಣ ಅವಳಿಗಿರಲಿಲ್ಲ.

ಹಾಗಂತ ಕಂಪನಿಯನ್ನು ಅವಳೇನೂ ಹಿಂದುಮುಂದು ನೋಡದೆ ಆರಿಸಿದ್ದಲ್ಲ. ಚಾಲನಾ ಶಾಲೆಗೆ ಏಳು ಕಂಪನಿಯವರು ಬಂದು, ಪಿಜ್ಜಾ ತಿನ್ನಿಸಿ, ಎಲ್ಲರಿಗೂ ಟೋಪಿ ಹಾಕಿ ಹೋಗಿದ್ದರು. ಆರು ಜನ ಸಂಬಳದ ಬಗ್ಗೆ ಕೊಚ್ಚಿಕೊಂಡರು. ಬ್ಲೂ ಪ್ರೇರಿ ಕಂಪನಿಯವನೊಬ್ಬ ಮಾತ್ರ, "ನಮ್ಮಲ್ಲಿ ಜೊತೆಗೇ ಇದ್ದು ಕಲಿಸ್ತಾರೆ. ತಾಯಿ ಮಗೂಗೆ ನಡೆಯೋದು ಕಲಿಸ್ತಾಳಲ್ಲ, ಹಾಗೆ," ಎಂದ. ಅವನು ಹೇಳಿದ್ದು ಸುಳ್ಳಾಗಲಿಲ್ಲ. ಟ್ರೆವರ್ ನಾಲ್ಕು ವಾರವೂ ಜೊತೆಗೇ ಇದ್ದ, ಸೀಟಿನ ಹಿಂದಿನ ಹಾಸಿಗೆಯಲ್ಲಿ, ಪರದೆ ಎಳೆದುಕೊಂಡು. ಶಿಷ್ಯೆ ಓಡಿಸಿದ ಮೈಲಿಯೂ ಗುರುಗಳ ಸಂಬಳಕ್ಕೇ ಸೇರುತ್ತಿದ್ದುದರಿಂದ ಅವರಿಗೆ ನಿದ್ದೆ ಸೊಗಸಾಗಿ ಬರುತ್ತಿತ್ತು. ಹಿಂದಕ್ಕೆ ಹಾಕುವ ಪ್ರಸಂಗ ಬಂದಾಗಲೆಲ್ಲ ಎದ್ದು, ಗೋದಾಮಿನ ಯಾರಿಗಾದರೂ ಕಾಫಿ ಕೊಡಿಸಿ ಅವರ ಕೈಲಿ ಹಾಕಿಸುತ್ತಿದ್ದ. "ಜನರ ಹತ್ರ ಚೆನ್ನಾಗಿರೋದೂ ತರಬೇತೀನೇ ಮೇಡಂ," ಎನ್ನುತ್ತಿದ್ದ. ಇವತ್ತು ಕಾಫಿಗೆ ಬಗ್ಗುವವರು ಯಾರೂ ಸಿಕ್ಕಿರಲಿಲ್ಲ.

ಲೊರೆಟಾ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು. ಟ್ರೇಲರ್ ಹಟಮಾರಿ ಎಮ್ಮೆಯ ಹಾಗೆ ಬಲಕ್ಕೆ ಹೋಯಿತು. ಮತ್ತೆ ಮುಂದೆ ಬಂದಳು, ಮತ್ತೆ ಹಿಂದೆ ಹೋದಳು. ಅಂಗಳದಲ್ಲಿ ಕಾಯುತ್ತಿದ್ದ ಲಾರಿಗಳ ಕಿಟಕಿಗಳು ಒಂದೊಂದಾಗಿ ಇಳಿದವು. ಹೊಸಬರು ಲಾರಿ ಹಿಂದಕ್ಕೆ ಹಾಕುವುದೆಂದರೆ ಹಳಬರಿಗೆ ಪುಕ್ಕಟೆ ನಾಟಕ. ಒಬ್ಬನಂತೂ ಚಿಪ್ಸ್ ಪೊಟ್ಟಣವನ್ನೇ ಒಡೆದ.

"ಟ್ರೆವರ್, ನೀನೇ ಒಂದ್ಸಲ ಹಾಕಿ ತೋರ್ಸಪ್ಪ."

"ನಾನು ಹಾಕಿ ಗುದ್ದಿದ್ರೆ ನನ್ನ ಹೆಸರಿಗೆ ಬರುತ್ತಲ್ಲ ಮೇಡಂ."

"ಗುದ್ದೋದ್ಯಾಕೆ? ಗುರು ಅಲ್ವೇನೋ ನೀನು?"

ಟ್ರೆವರ್ ಕಿಟಕಿಯ ಕಡೆ ತಿರುಗಿದ. "ನಾನು ಲಾರಿ ಹತ್ತಿದ್ದೇ ಏಳು ತಿಂಗಳ ಹಿಂದೆ. ನನಗೆ ಕಲಿಸಿದೋನೂ ಮಲಗೇ ಇದ್ದ."

ಲೊರೆಟಾಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಜೊತೆಗೇ ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಮಾಡಲಿ ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಚಿಪ್ಸ್ ತಿನ್ನುತ್ತಿದ್ದ ಮುದುಕ ಕೆಳಗೆ ನಿಂತಿದ್ದ.

"ನಾನು ಡೆಲ್ಬರ್ಟ್. ನಿಮ್ಮಿಬ್ಬರಲ್ಲಿ ಕಲಿಯೋಕೆ ಬಂದೋರು ಯಾರಮ್ಮ?"

"ಇಬ್ಬರೂ," ಎಂದಳು ಲೊರೆಟಾ.

ಮುದುಕ ನಗಲಿಲ್ಲ. "ಸ್ಟೀರಿಂಗಿನ ಕೆಳಭಾಗ ಹಿಡ್ಕೋ ತಂಗಿ. ಟ್ರೇಲರಿನ ಬಾಲ ಯಾವ ಕಡೆ ಹೋಗ್ಬೇಕೋ, ಕೈನೂ ಆ ಕಡೇನೇ ತಗೊಂಡೋಗು. ಅನುಮಾನ ಬಂದ್ರೆ ನಿಲ್ಸಿ ಇಳಿದು ನೋಡು. ಹತ್ತು ಸಲ ಇಳಿ, ಯಾರ ಗಂಟು ಹೋಗುತ್ತೆ?"

ಲೊರೆಟಾ ಐದು ಸಲ ಇಳಿದು ಹತ್ತಿದಳು. ಟ್ರೆವರ್ ತಾನೂ ಕೆಳಗಿಳಿದು ಮುದುಕನ ಬೆನ್ನ ಹಿಂದೆ ನಿಂತು, ಇಲ್ಲದ ಸ್ಟೀರಿಂಗನ್ನು ಗಾಳಿಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. "ಇನ್ನೊಂದ್ಸಲ ಹೇಳಿ ಸಾರ್, ಸ್ವಲ್ಪ ನಿಧಾನವಾಗಿ," ಎಂದೂ ಕೇಳಿದ. ಕೊನೆಗೆ ಟ್ರೇಲರ್ ನಲವತ್ತೆರಡನೇ ಬಾಗಿಲಿನ ರಬ್ಬರಿಗೆ ಮೆತ್ತಗೆ ತಾಗಿ ನಿಂತಿತು. ಅಂಗಳದ ಲಾರಿಗಳೆಲ್ಲ ಹಾರ್ನ್ ಹೊಡೆದವು. ಲೊರೆಟಾ ಇಳಿದು ಮುದುಕನ ಹತ್ತಿರ ಬಂದಳು.

"ಇಷ್ಟು ಚೆನ್ನಾಗಿ ಹೇಳ್ಕೊಡ್ತೀರಿ. ಕಲಿಸೋ ಕೆಲಸಕ್ಕೇ ಹೋಗಬಾರದಿತ್ತಾ?" ಎಂದು ಕೇಳಿದಳು.

"ನಿಮ್ಮ ಬ್ಲೂ ಪ್ರೇರೀಲೇ ಹನ್ನೊಂದು ವರ್ಷ ಕಲಿಸ್ದೆ. ಎಚ್ಚರವಾಗಿ ಕೂತು, ನಿಲ್ಸಿ ನಿಲ್ಸಿ ಕಲಿಸ್ತಾನೆ, ಲಾರಿ ಮೈಲಿ ಓಡೋದೇ ಇಲ್ಲ ಅಂತ ಬಿಡಿಸಿದ್ರು," ಎಂದು ಮುದುಕ ಚಿಪ್ಸ್ ಪೊಟ್ಟಣವನ್ನು ಅವಳ ಕೈಗಿಟ್ಟು ಹೊರಟುಹೋದ.

ಅಷ್ಟರಲ್ಲಿ ಟ್ರೆವರ್ ನೆಟ್ಟಗೆ ನಿಂತ ಲಾರಿಯ ಫೋಟೋ ತೆಗೆದು, 'ನನ್ನ ಶಿಷ್ಯೆ' ಎಂದು ಬರೆದು ಕಂಪನಿಗೆ ಕಳಿಸಿಯೂ ಆಗಿತ್ತು. ಕೂಡಲೇ ತರಬೇತಿ ವಿಭಾಗದ ಮುಖ್ಯಸ್ಥೆಯ ಫೋನ್ ಬಂತು. ಟ್ರೆವರ್ ಸ್ಪೀಕರ್ ಹಾಕಿದ.

"ಭಲೇ ಲೊರೆಟಾ! ಟ್ರೆವರ್ ಚೆನ್ನಾಗಿ ಕಲಿಸಿದ್ರಾ? ನೀವು ಹೂಂ ಅಂದ್ರೆ ಇವತ್ತೇ ನಿಮ್ಮ ತರಬೇತಿ ಮುಗೀತು, ಒಬ್ಬರೇ ಓಡಿಸೋಕೆ ಲಾರಿ ಕೊಡ್ತೀವಿ."

ಟ್ರೆವರ್ ಎರಡೂ ಕೈ ಜೋಡಿಸಿ ನಿಂತಿದ್ದ. ಇಲ್ಲ ಎಂದರೆ ಮೋಟೆಲಿನಲ್ಲಿ ಬಿದ್ದುಕೊಂಡು ಇನ್ನೊಬ್ಬ ಗುರುವಿಗಾಗಿ ಕಾಯಬೇಕು. ಅವನು ಎಷ್ಟು ತಿಂಗಳ ಗುರುವೋ, ಬಲ್ಲವರಾರು!

"ಹೂಂ, ಚೆನ್ನಾಗಿ ಕಲಿಸಿದ್ರು," ಎಂದಳು. ತನ್ನ ಮಾತಿಗೆ ತನಗೇ ಅಸಹ್ಯವಾಯಿತು.

"ಸಂತೋಷ ಕಣ್ರೀ. ಇನ್ನಾರು ತಿಂಗಳು ಎಲ್ಲೂ ಗುದ್ದದೆ ಇರಿ ಸಾಕು, ನಿಮಗೂ ಒಬ್ಬ ಶಿಷ್ಯನ್ನ ಕೊಡ್ತೀವಿ."