ಬಸ್ಸಿನಲ್ಲಿ ಉಳಿದ ಬಿಳಿ ಹಾಳೆ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಇಂದಿಗೂ ತಂಗಿಯ ಪುಟ್ಟ ಗಾಡಿ ನೆನಪಾಗುತ್ತದೆ.

ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನ ಬೇಸಿಗೆ ಶಿಬಿರದಲ್ಲಿ ಅವಳೇ ತಂತಿ ಬೆಸೆದು ಮಾಡಿದ್ದ ಗಾಡಿ ಅದು. ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆ ಹಿಡಿದು ತಾನಾಗಿ ಓಡುತ್ತಿತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ನಾನು ದಿನವೂ ಅವಳನ್ನು ಬಸ್ಸಿನಲ್ಲಿ ನಮ್ಮೂರು ಕಮಲಾಪುರಕ್ಕೆ ಕರೆತರುತ್ತಿದ್ದೆ. ಮನೆಯವರಿಗೆ ಗಾಡಿ ಓಡಿಸಿ ತೋರಿಸಲೆಂದು ಒಂದು ಸಂಜೆ ಅವಳು ನನ್ನ ಕೈಗೆ ಕೊಟ್ಟಿದ್ದ ಆ ಹಾಳೆಯ ಸುರುಳಿಯನ್ನು ಬೇಕೆಂದೇ ಸೀಟಿನ ಮೇಲೆ ಬಿಟ್ಟು ಇಳಿದೆ.

ಹಾಳೆ ಇಲ್ಲದೆ ಗಾಡಿ ಓಡದು ಎಂದು ತಂಗಿ ಹೇಳಿದರೂ ಅಪ್ಪ ಕೇಳಲಿಲ್ಲ.

"ನೆಲದ ಮ್ಯಾಲೇ ಓಡಸವ್ವ, ನೋಡೂಣು."

ತಂಗಿ ಇದ್ದಿಲಿನಿಂದ ಗೆರೆ ಎಳೆದಳು. ಶಹಾಬಾದ್ ಕಲ್ಲಿನ ಕಪ್ಪು ನೆಲದಲ್ಲಿ ಗಾಡಿಗೆ ಆ ಗೆರೆ ಕಾಣಲಿಲ್ಲ. ಸುತ್ತಿ ಸುತ್ತಿ ಜೋಳದ ಚೀಲಕ್ಕೆ ಮೂತಿ ಬಡಿದು ನಿಂತಿತು.

"ಶೆರೆ ಕುಡದದೇನವ್ವ ನಿನ್ನ ಗಾಡಿ?" ಕಾಕಾ ನಕ್ಕ.

"ಇದಕ್ಕಾ ದಿನಾ ಹೋಗಾಕತ್ತಿದ್ದಿ? ನಾಳಿಂದ ಬ್ಯಾಡ," ಎಂದ ಅಪ್ಪ. ಮರುದಿನವೇ ಕಾಲೇಜಿನಲ್ಲಿ ಎಲ್ಲರೆದುರು ಗಾಡಿ ಓಡಿಸುವುದಿತ್ತು.

ತಂಗಿ ನನ್ನನ್ನು ನೋಡಿದಳು. ಹಾಳೆ ಬಿಟ್ಟು ಬಂದದ್ದು ನಾನೇ ಎಂದಿದ್ದರೆ ಸಾಕಿತ್ತು. ನಾನು ಕಲ್ಲಿನ ಸಂದಿಯನ್ನು ಉಗುರಿನಿಂದ ಕೆರೆಯುತ್ತ ಕುಳಿತೆ.

"ಆ ಹಾಳಿ ಎಲ್ಲಿ ಹೋತು?" ಅವ್ವ ಕೇಳಿದಳು.

"ನಾನೇ ಮರತು ಬಂದೀನಿ ಯವ್ವಾ," ಎಂದಳು ತಂಗಿ.