ಅಜ್ಜಿಯ ಕೈಬಳೆ

ಓದಲು ಬಾರದೆಂದು ನಿರೀಕ್ಷಾಳನ್ನು ಮೂರನೇ ಕ್ಲಾಸಿನಿಂದ ಎಬ್ಬಿಸಿ ಒಂದನೇ ಕ್ಲಾಸಿನಲ್ಲಿ ಕೂರಿಸಿದರು.

ಮರುದಿನ ಅಜ್ಜಿ ವನಜಾ ಮೆಹದಿಪಟ್ಟಣಂನ ಆ ಶಾಲೆಗೆ ಬಂದು, ಟೀಚರಮ್ಮನ ಎದುರೇ ಬಳೆ ತುಂಬಿದ ಕೈಯನ್ನು ಮೇಜಿನ ಮೇಲೆ ಚಾಚಿದಳು. "ಓದು ನನ್ನ ಬಂಗಾರಿ, ಮನ್ಯಾಗ ಓದಿದಂಗ ಓದು. ಗಡಿಬಿಡಿ ಇಲ್ಲ." ಮಾತಿನೊಳಗಿನ ಸದ್ದುಗಳು ಹುಡುಗಿಗೆ ಗಂಟಾಗಿಯೇ ಕೇಳಿಸುತ್ತಿದ್ದವು, ಬಿಡಿಸಿಕೊಳ್ಳಲು ಅವಳಿಗೆ ಅಜ್ಜಿಯ ಬಳೆಗಳೇ ಬೇಕು. ಪುಸ್ತಕದ ತೆಲುಗು ಪದ ನೋಡುತ್ತ ನಿರೀಕ್ಷಾ ಒಂದು ಸದ್ದಿಗೆ ಒಂದು ಬಳೆ ಸರಿಸಿದಳು. "ಕ... ಮ... ಲಂ." ಸರಿಸಿದ್ದನ್ನೆಲ್ಲ ಗಲಗಲ ಕೂಡಿಸಿ, "ಕಮಲಂ!" ಎಂದು ನಕ್ಕಳು.

"ಕ್ಯಾ ತಮಾಷಾ ಅಮ್ಮಾ?" ಟೀಚರಮ್ಮ ಚಷ್ಮಾ ಏರಿಸಿಕೊಂಡರು. "ಕೈ ತೆಗೀರಿ. ತಾನೇ ಓದಿದರಷ್ಟೇ ಮೂರನೇ ಕ್ಲಾಸು."

"ಮೊದ್ಲ ಚಷ್ಮಾ ತೆಗದು ನೀವು ಓದ್ರಿ ಅಕ್ಕೋರ," ಎಂದಳು ವನಜಾ. "ಅಲ್ಲೀತನಕ ಈ ಕೈ ಏಳಂಗಿಲ್ಲ."